ಹಾಡು ಎಲ್ಲಿ ನಿಂತಿತು?

ಗ್ರಾಮಫೋನು ಕೆಟ್ಟಾಗ ಅದರ ಕಾಯಿಲೆ ಕಣ್ಣಿಗೇ ಕಾಣುತ್ತಿತ್ತು. ಮುಳ್ಳು ಸವೆದಿದ್ದರೆ ಹಾಡು ಗೊರಗೊರ ಎನ್ನುತ್ತಿತ್ತು. ತಟ್ಟೆಯ ಮೇಲೆ ಗೀರು ಬಿದ್ದಿದ್ದರೆ ಒಂದೇ ಸಾಲು ಮತ್ತೆ ಮತ್ತೆ ಮರುಕಳಿಸುತ್ತಿತ್ತು. ಚಾವಿ ಇಳಿದರೆ ಗಾಯಕನ ಕಂಠ ಮೆಲ್ಲಮೆಲ್ಲನೆ ಕುಗ್ಗಿ ನಿಂತುಹೋಗುತ್ತಿತ್ತು. ಕಾರಣವನ್ನು ಮನೆಯ ಮಕ್ಕಳೂ ಬೆರಳು ಮಾಡಿ ತೋರಿಸಬಲ್ಲವರಾಗಿದ್ದರು. ಇಂದು ನಮ್ಮ ಜೇಬಿನಲ್ಲಿರುವ ಪುಟ್ಟ ಸಂಗೀತ ಪ್ಲೇಯರಿನ ವಿಷಯ ಹಾಗಲ್ಲ. ಅದರಲ್ಲಿ ತಿರುಗುವ ತಟ್ಟೆಯೂ ಇಲ್ಲ, ಮುಳ್ಳೂ ಇಲ್ಲ. ಹಾಡು ನಿಂತರೆ ಏಕೆ ನಿಂತಿತೆಂಬುದನ್ನು ಹೊರಗಿನಿಂದ ನೋಡಿ ಹೇಳುವುದು ಸಾಧ್ಯವಾಗದು.

ಇಂತಹ ಸಮಯದಲ್ಲಿ ಬಹುಮಂದಿ ಮಾಡುವುದೇನು? ಪೆಟ್ಟಿಗೆಯನ್ನು ಕೊಡವಿ ನೋಡುತ್ತಾರೆ; ಕಂಡ ಗುಂಡಿಗಳನ್ನೆಲ್ಲ ಒತ್ತುತ್ತಾರೆ; ಮೆಮೊರಿ ಕಾರ್ಡನ್ನು ಪೂರ್ತಿಯಾಗಿ ಅಳಿಸಿ ಹೊಸದಾಗಿ ತುಂಬುತ್ತಾರೆ; ಅದಕ್ಕೂ ಬಗ್ಗದಿದ್ದರೆ ಹೊಸ ಪ್ಲೇಯರನ್ನು ಕೊಳ್ಳುತ್ತಾರೆ. ಜೇಡಿಯ ಎಳೆಯಷ್ಟು ಧೂಳಿನಿಂದಾದ ತೊಂದರೆಗೆ ಸಾವಿರಾರು ರೂಪಾಯಿ ದಂಡವಾಗುವುದುಂಟು. ಹಣ ಹೋದರೆ ಮತ್ತೆ ಸಂಪಾದಿಸಬಹುದು. ಆದರೆ ಆ ಕಾರ್ಡಿನಲ್ಲಿ ಅಜ್ಜಿ ಹಾಡಿದ ಸೋಬಾನೆ ಪದವೊಂದರ ಏಕಮಾತ್ರ ಪ್ರತಿ ಇದ್ದು, ಅವಸರದಲ್ಲಿ ಅದು ಅಳಿಸಿಹೋದರೆ, ಯಾವ ಅಂಗಡಿಯಲ್ಲಿಯೂ ಅದು ಮತ್ತೆ ದೊರೆಯಲಾರದು. ಆದುದರಿಂದ ದೋಷವನ್ನು ಊಹಿಸದೆ ಹುಡುಕುವ ಕ್ರಮವನ್ನು ನಾವು ಇಲ್ಲಿ ವಿಚಾರಿಸೋಣ.

ಧ್ವನಿಯ ದಾರಿ

ಮೊದಲು ಹಾಡು ನಮ್ಮ ಕಿವಿಗೆ ಬರುವ ದಾರಿಯನ್ನು ತಿಳಿದುಕೊಳ್ಳಬೇಕು. ಧ್ವನಿಯೆಂದರೆ ಗಾಳಿಯ ಒತ್ತಡದಲ್ಲಿ ಆಗುವ ಏರಿಳಿತ. ಈ ಏರಿಳಿತವನ್ನು ಅತ್ಯಲ್ಪ ಕಾಲಕ್ಕೊಮ್ಮೆ ಅಳೆದು, ಅಳತೆಗಳನ್ನು ಅಂಕಗಳಾಗಿ ಬರೆದಿಟ್ಟರೆ ಅದೇ ಅಂಕರೂಪದ ಧ್ವನಿ. 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಸೆಕೆಂಡಿಗೆ 44,100 ಸಲ ಅಳತೆ ಮಾಡಲಾಗುತ್ತದೆ. ಒಂದೊಂದು ಅಳತೆಗೆ 16 ಬಿಟ್, ಎಡ ಬಲ ಎಂದು ಎರಡು ವಾಹಿನಿ. ಒಟ್ಟು ಸೆಕೆಂಡಿಗೆ 14,11,200 ಬಿಟ್ ಆಯಿತು. ಒಂದು ನಿಮಿಷದ ಸಂಗೀತಕ್ಕೆ ಒಂದು ಕೋಟಿಗೂ ಮಿಕ್ಕ ಬೈಟ್ ಬೇಕು.

ಇಷ್ಟು ದೊಡ್ಡ ಮೂಟೆಯನ್ನು ಚಿಕ್ಕದಾಗಿಸುವ ಉಪಾಯಗಳಲ್ಲಿ ಎಂಪಿ3 ಎಂಬುದು ಪ್ರಸಿದ್ಧವಾದುದು. ಜರ್ಮನಿಯ ಎರ್ಲಾಂಗೆನ್ ನಗರದ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈಂಜ್ ಬ್ರಾಂಡೆನ್‌ಬುರ್ಗ್ ಮತ್ತು ಅವರ ಸಂಗಡಿಗರು ಇದನ್ನು ರೂಪಿಸುವುದರಲ್ಲಿ ಮುಖ್ಯ ಪಾತ್ರ ವಹಿಸಿದರು. ಗಟ್ಟಿಯಾದ ಒಂದು ಸ್ವರ ಕೇಳುತ್ತಿರುವಾಗ ಅದರ ನೆರೆಯ ಮೆಲುದನಿಯನ್ನು ನಮ್ಮ ಕಿವಿ ಗಮನಿಸದು. ಕಿವಿ ಗಮನಿಸದುದನ್ನು ಒರಟಾಗಿ ಬರೆದು ಅಥವಾ ಬಿಟ್ಟೇಬಿಟ್ಟು ಸ್ಥಳವನ್ನು ಉಳಿಸುವುದೇ ಈ ಪದ್ಧತಿಯ ತತ್ತ್ವ. ಸೆಕೆಂಡಿಗೆ 1,28,000 ಬಿಟ್ ಸಾಕೆಂದು ಇಟ್ಟುಕೊಂಡರೆ ಒಂದು ನಿಮಿಷದ ಹಾಡು 9,60,000 ಬೈಟ್‌ಗಳಲ್ಲಿ ಅಡಗುತ್ತದೆ. 1998ರಲ್ಲಿ ಬಂದ ರಿಯೋ ಎಂಬ ಅಮೆರಿಕದ ಪ್ಲೇಯರಿನಲ್ಲಿ 32 ಮೆಗಾಬೈಟ್ ಸ್ಥಳ ಮಾತ್ರ ಇತ್ತು. ಆದರೂ ಈ ಉಪಾಯದಿಂದ ಅದರಲ್ಲಿ ಅರ್ಧ ಗಂಟೆಯ ಸಂಗೀತವನ್ನು ತುಂಬಬಹುದಾಗಿತ್ತು.

ಈಗ ದಾರಿಯನ್ನು ನೋಡೋಣ. ಹಾಡಿನ ಅಂಕಗಳು ಫೈಲಾಗಿ ಮೆಮೊರಿ ಕಾರ್ಡಿನಲ್ಲಿ ಮಲಗಿವೆ. ಪ್ಲೇಯರು ಅವನ್ನು ಓದುತ್ತದೆ. ಚಿಕ್ಕದಾಗಿ ಮಡಿಸಿದ್ದನ್ನು ಬಿಡಿಸುತ್ತದೆ. ಅಂಕಗಳನ್ನು ವಿದ್ಯುತ್ತಿನ ಏರಿಳಿತವನ್ನಾಗಿ ಮಾರ್ಪಡಿಸುತ್ತದೆ. ವರ್ಧಕದಿಂದ ಅದರ ಬಲವನ್ನು ಹೆಚ್ಚಿಸುತ್ತದೆ. ಮುಂದೆ ಪಿನ್ನು, ತಂತಿ, ಹೆಡ್‌ಫೋನು. ಕಟ್ಟಕಡೆಗೆ ನಮ್ಮ ಕಿವಿ. ಈ ಸರಪಳಿಯ ಯಾವ ಕೊಂಡಿ ಕಳಚಿದರೂ ಹಾಡು ಕೆಡುತ್ತದೆ. ಆದರೆ ಒಂದೊಂದು ಕೊಂಡಿ ಕೆಟ್ಟಾಗಲೂ ಕೇಳುವ ಶಬ್ದ ಬೇರೆಬೇರೆ. ರೋಗಿಯ ಎದೆಗೆ ನಳಿಗೆ ಇಟ್ಟು ಕೇಳುವ ವೈದ್ಯನಂತೆ ನಾವೂ ಲಕ್ಷ್ಯವಿಟ್ಟು ಕೇಳಿದರೆ ಕಾರಣ ಅರ್ಧ ತಿಳಿದಂತೆಯೇ.

ಮೂರು ಪ್ರಶ್ನೆಗಳು

ಯಾವ ಗುಂಡಿಯನ್ನೂ ಒತ್ತುವುದಕ್ಕೆ ಮೊದಲು ನಾವು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು.

ಮೊದಲನೆಯದು: ತಪ್ಪು ಪ್ರತಿಸಲವೂ ಹಾಡಿನ ಅದೇ ಜಾಗದಲ್ಲಿ ಆಗುತ್ತಿದೆಯೇ? ಪಲ್ಲವಿ ಮುಗಿದು ಅನುಪಲ್ಲವಿ ಆರಂಭವಾಗುವಲ್ಲಿ, ಎರಡನೆಯ ನಿಮಿಷದ ಹತ್ತನೆಯ ಸೆಕೆಂಡಿನಲ್ಲಿ, ಕೇಳಿದಾಗಲೆಲ್ಲ ‘ಚಿರ್‌’ ಎಂಬ ಶಬ್ದ ಬರುವುದಾದರೆ ದೋಷ ಫೈಲಿನಲ್ಲಿಯೋ ಕಾರ್ಡಿನಲ್ಲಿಯೋ ಇದೆ. ತಂತಿಗೆ ಹಾಡಿನ ಸಾಹಿತ್ಯ ಗೊತ್ತಿಲ್ಲ. ಅದು ಅನುಪಲ್ಲವಿಗಾಗಿ ಕಾದು ಕುಳಿತು ಕೆಡುವುದಿಲ್ಲ. ತಪ್ಪು ಒಂದೊಂದು ಸಲ ಒಂದೊಂದು ಕಡೆ ಆದರೆ ಬ್ಯಾಟರಿ, ಪಿನ್ನು, ತಂತಿ, ನಿಸ್ತಂತು ಸಂಪರ್ಕ ಇವುಗಳ ಮೇಲೆ ಸಂಶಯ ಪಡಬೇಕು.

ಎರಡನೆಯದು: ಎಲ್ಲ ಹಾಡುಗಳಲ್ಲಿಯೂ ಆಗುತ್ತಿದೆಯೇ, ಒಂದರಲ್ಲಿ ಮಾತ್ರವೇ? ಒಂದರಲ್ಲಿ ಮಾತ್ರವಾದರೆ ಆ ಫೈಲನ್ನು ಇನ್ನೊಂದು ಪ್ಲೇಯರಿನಲ್ಲಿ ಅಥವಾ ಕಂಪ್ಯೂಟರಿನಲ್ಲಿ ಕೇಳಿ ನೋಡಬೇಕು. ಅಲ್ಲಿಯೂ ಅದೇ ತಪ್ಪು ಕೇಳಿದರೆ ಫೈಲು ಕೆಟ್ಟಿದೆ. ಅಲ್ಲಿ ಸರಿಯಾಗಿದ್ದರೆ ಫೈಲು ನಿರ್ದೋಷಿ. ನಮ್ಮ ಪ್ಲೇಯರು ಅದನ್ನು ಓದಲು ಅಥವಾ ಬಿಡಿಸಲು ಸೋತಿದೆ.

ಮೂರನೆಯದು: ಹೆಡ್‌ಫೋನು ಬದಲಾಯಿಸಿದರೆ ತಪ್ಪು ಹೋಗುತ್ತದೆಯೇ?

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಕಾರ್ಡನ್ನೂ ಹೆಡ್‌ಫೋನನ್ನೂ ಒಟ್ಟಿಗೆ ಬದಲಾಯಿಸಿದಾಗ ಹಾಡು ಸರಿಹೋದರೆ ತಪ್ಪು ಯಾವುದರದಾಗಿತ್ತೆಂಬುದು ನಮಗೆ ತಿಳಿಯದೆಯೇ ಉಳಿಯುತ್ತದೆ. ಪ್ರಯೋಗಶಾಲೆಯಲ್ಲಿ ಒಂದು ಅಂಶವನ್ನು ಮಾತ್ರ ಬದಲಿಸಿ ಉಳಿದವನ್ನು ಸ್ಥಿರವಾಗಿಡುತ್ತೇವಲ್ಲವೆ? ಇದೂ ಅದೇ ನಿಯಮ.

ಗಾಯಕಿ ಕಾಣೆಯಾದಾಗ

ಪಿಟೀಲು ಕೇಳುತ್ತದೆ, ಮೃದಂಗ ಕೇಳುತ್ತದೆ. ಹಾಡುವವರ ಕಂಠ ಮಾತ್ರ ಇಲ್ಲ! ಇದ್ದರೂ ಬಾವಿಯ ತಳದಿಂದ ಬಂದಂತೆ ಕ್ಷೀಣವಾಗಿ ಕೇಳುತ್ತದೆ. ಇಂತಹ ಸೋಜಿಗವನ್ನು ವಾಚಕರಲ್ಲಿ ಕೆಲವರು ಅನುಭವಿಸಿರಬಹುದು. ಫೈಲು ಹಾಳಾಯಿತೆಂದು ಹೆದರಿ ಹಾಡನ್ನು ಅಳಿಸಿಬಿಡುವವರುಂಟು. ನಿಜವಾಗಿ ತಪ್ಪು ಇರುವುದು ಪಿನ್ನಿನ ಬುಡದಲ್ಲಿ.

ಸಾಮಾನ್ಯ ಹೆಡ್‌ಫೋನಿನ ಪಿನ್ನನ್ನು ನೋಡಿದರೆ ಕಪ್ಪು ಉಂಗುರಗಳಿಂದ ಬೇರ್ಪಟ್ಟ ಮೂರು ಲೋಹದ ಭಾಗಗಳು ಕಾಣುತ್ತವೆ. ತುದಿ ಎಡಕಿವಿಗೆ, ನಡುವಿನದು ಬಲಕಿವಿಗೆ. ಬುಡದ ಭಾಗ ಎರಡಕ್ಕೂ ಸಾಮಾನ್ಯವಾಗಿ ವಿದ್ಯುತ್ತು ಹಿಂದಿರುಗುವ ದಾರಿ. ಪಿನ್ನು ಪೂರ್ತಿಯಾಗಿ ಒಳಗೆ ಹೋಗದೆ, ಅಥವಾ ಬುಡದ ತಂತಿ ಕಿತ್ತುಹೋಗಿ, ಈ ಹಿಂದಿರುಗುವ ದಾರಿ ಮುಚ್ಚಿತೆನ್ನಿ. ಆಗ ವಿದ್ಯುತ್ತು ಎಡದಿಂದ ಹೊರಟು ಎರಡು ಕಿವಿಗಳ ಸುರುಳಿಗಳನ್ನೂ ಸಾಲಾಗಿ ಹಾದು ಬಲಕ್ಕೆ ಹೋಗಬೇಕಾಗುತ್ತದೆ. ಎಡದ ಮತ್ತು ಬಲದ ಒತ್ತಡಗಳಲ್ಲಿ ವ್ಯತ್ಯಾಸವಿದ್ದರೆ ಮಾತ್ರ ಅದು ಹರಿಯುತ್ತದೆ. ಎರಡೂ ಸಮನಾಗಿದ್ದರೆ ಹರಿಯುವುದೇ ಇಲ್ಲ. ಅಂದರೆ ನಮಗೆ ಕೇಳುವುದು ಎಡದಿಂದ ಬಲವನ್ನು ಕಳೆದ ಶೇಷ.

ಧ್ವನಿಮುದ್ರಣದಲ್ಲಿ ಹಾಡುವವರ ಕಂಠವನ್ನು ಸಾಮಾನ್ಯವಾಗಿ ನಟ್ಟನಡುವೆ, ಎಂದರೆ ಎರಡು ವಾಹಿನಿಗಳಲ್ಲಿಯೂ ಸಮನಾಗಿ, ಇಟ್ಟಿರುತ್ತಾರೆ. ಪಕ್ಕವಾದ್ಯಗಳನ್ನು ಅತ್ತ ಇತ್ತ ಸರಿಸಿರುತ್ತಾರೆ. ಆದುದರಿಂದ ವ್ಯವಕಲನದಲ್ಲಿ ಕಂಠ ಸೊನ್ನೆಯಾಗಿ ವಾದ್ಯಗಳು ಉಳಿಯುತ್ತವೆ. ಎರಡು ವಾಹಿನಿಗಳೂ ಒಂದೇ ಆಗಿರುವ ಹಳೆಯ ಗ್ರಾಮಫೋನ್ ಕಾಲದ ಹಾಡಾದರೆ ಇಡೀ ಹಾಡೇ ಹೆಚ್ಚುಕಡಮೆ ಮಾಯವಾಗುತ್ತದೆ! ಸಿನಿಮಾ ಹಾಡಿನಿಂದ ಕಂಠವನ್ನು ತೆಗೆದು ಸಂಗೀತವನ್ನು ಮಾತ್ರ ಉಳಿಸಿಕೊಳ್ಳುವ ಒಂದು ಸುಲಭೋಪಾಯವೂ ಇದೇ ವ್ಯವಕಲನವನ್ನು ಅವಲಂಬಿಸಿದೆ. ಮೈಕುಳ್ಳ ಹೆಡ್‌ಫೋನುಗಳ ಪಿನ್ನಿನಲ್ಲಿ ನಾಲ್ಕು ಭಾಗಗಳಿರುತ್ತವೆ. ಅವುಗಳಲ್ಲಿ ಹಿಂದಿರುಗುವ ದಾರಿಯ ಸ್ಥಾನ ಎರಡು ಪದ್ಧತಿಗಳಲ್ಲಿ ಎರಡು ಬಗೆಯಾಗಿರುವುದರಿಂದ, ಒಂದು ಪದ್ಧತಿಯ ಹೆಡ್‌ಫೋನನ್ನು ಇನ್ನೊಂದರ ಪ್ಲೇಯರಿಗೆ ಚುಚ್ಚಿದರೂ ಇದೇ ಫಲ ಕಾಣಬಹುದು.

ಪರಿಹಾರವೇನು? ಪಿನ್ನನ್ನು ಬಲವಾಗಿ, ನೇರವಾಗಿ ಒತ್ತಬೇಕು. ಪೂರ್ತಿ ಹೋಗದಿದ್ದರೆ ತೂತಿನ ತಳದಲ್ಲಿ ಜೇಬಿನ ನೂಲು, ಧೂಳು ಸೇರಿ ಗಟ್ಟಿಯಾಗಿರಬಹುದು. ಪ್ಲೇಯರನ್ನು ಆರಿಸಿ, ಮರದ ಹಲ್ಲುಕಡ್ಡಿಯಿಂದ ಮೆಲ್ಲನೆ ಕೆದಕಿ ತೆಗೆಯಬೇಕು. ಲೋಹದ ಸೂಜಿಯನ್ನು ಹಾಕಬಾರದು.

ಒಂದೇ ಕಿವಿಗೆ ಕೇಳಿದರೆ

ಎಡಗಡೆಯ ಧ್ವನಿ ಕುಗ್ಗಿದೆಯೆಂದು ತೋರಿದರೆ ನಾವು ಒಡನೆಯೇ ಧ್ವನಿಯ ಮಟ್ಟವನ್ನು ಏರಿಸುತ್ತೇವೆ. ಹಾಗೆ ಮಾಡಬಾರದು, ಸರಿಯಾಗಿರುವ ಬಲಗಿವಿಗೆ ಅದರಿಂದ ಅಪಾಯ. ಬದಲಿಗೆ ಹೆಡ್‌ಫೋನನ್ನು ತಿರುವುಮುರುವು ಮಾಡಿ ಎಡದ ತುಂಡನ್ನು ಬಲಗಿವಿಗೆ ಇಟ್ಟು ಕೇಳಬೇಕು. ಮಂದಧ್ವನಿ ಬಲಕ್ಕೆ ಬಂದರೆ ದೋಷ ಯಂತ್ರದ ಕಡೆಯದು. ಆ ತುಂಡಿನ ಜಾಲರಿಯಲ್ಲಿ ಗುಗ್ಗೆ ಕಟ್ಟಿರಬಹುದು, ತಂತಿ ಮುರಿದಿರಬಹುದು, ಪ್ಲೇಯರಿನಲ್ಲಿ ಎಡಬಲಗಳ ಹೊಂದಾಣಿಕೆ ಸರಿದಿರಬಹುದು. ಇನ್ನೊಂದು ಹೆಡ್‌ಫೋನು ಇವುಗಳನ್ನು ಬೇರ್ಪಡಿಸಿಕೊಡುತ್ತದೆ. ತಿರುಗಿಸಿದ ಮೇಲೂ ಮಂದಧ್ವನಿ ಎಡಗಿವಿಯಲ್ಲಿಯೇ ಉಳಿದರೆ ದುರಸ್ತಿ ಬೇಕಾಗಿರುವುದು ಯಂತ್ರಕ್ಕಲ್ಲ. ಅಂತಹವರು ಕಿವಿಯ ವೈದ್ಯರನ್ನು ಕಾಣಬೇಕು.

ಫೈಲಿನೊಳಗಣ ಕೊರತೆ

ಹಾಡು ನಡುವೆ ತಟಕ್ಕನೆ ಕಡಿದು ಮುಂದಿನದು ಆರಂಭವಾಗುತ್ತದೆಯೆನ್ನಿ. ಇಲ್ಲಿ ಒಂದು ಸಣ್ಣ ಗುಣಾಕಾರ ನೆರವಾಗುತ್ತದೆ. ಸೆಕೆಂಡಿಗೆ 1,28,000 ಬಿಟ್ ಎಂದರೆ 16,000 ಬೈಟ್. ಐದು ನಿಮಿಷದ ಹಾಡು 300 ಸೆಕೆಂಡು. ಆದುದರಿಂದ ಫೈಲಿನ ತೂಕ ಸುಮಾರು 48 ಲಕ್ಷ ಬೈಟ್ ಇರಬೇಕು. ಕಂಪ್ಯೂಟರು 12 ಲಕ್ಷವೆಂದು ತೋರಿಸಿದರೆ ಹಾಡಿನ ಕಾಲುಭಾಗ ಮಾತ್ರ ಕಾರ್ಡಿಗೆ ಬಂದಿದೆ. ನಕಲು ಪೂರ್ಣವಾಗುವ ಮೊದಲೇ ಕಾರ್ಡನ್ನು ಕಿತ್ತರೆ ಹೀಗಾಗುತ್ತದೆ. ತೆರೆಯ ಮೇಲೆ ಕೆಲಸ ಮುಗಿದಂತೆ ಕಂಡರೂ ಕಂಪ್ಯೂಟರು ಕೊನೆಯ ಭಾಗವನ್ನು ತನ್ನಲ್ಲಿಯೇ ಇಟ್ಟುಕೊಂಡು ನಿಧಾನವಾಗಿ ಬರೆಯುತ್ತಿರುವುದುಂಟು. ಕಾರ್ಡನ್ನು ತೆಗೆಯಲು ಅದರ ಅಪ್ಪಣೆ ಪಡೆಯಬೇಕೆಂಬ ನಿಯಮ ಇರುವುದು ಇದಕ್ಕಾಗಿಯೇ.

ಎಂಪಿ3 ಹಾಡು ಒಂದೇ ಉದ್ದನೆಯ ಪಟ್ಟಿಯಲ್ಲ. ಅದು ಚಿಕ್ಕ ಚಿಕ್ಕ ಚೌಕಟ್ಟುಗಳ ಸಾಲು. 1,152 ಅಳತೆಗಳಿಗೆ ಒಂದು ಚೌಕಟ್ಟು. ಕಾಂಪ್ಯಾಕ್ಟ್ ಡಿಸ್ಕಿನ ದರದಲ್ಲಿ ಅದು ಸೆಕೆಂಡಿನ ಸಾವಿರದಲ್ಲಿ 26 ಪಾಲಿನಷ್ಟು ಕಾಲ ನಡೆಯುತ್ತದೆ. ಒಂದು ನಿಮಿಷಕ್ಕೆ ಸುಮಾರು 2,300 ಚೌಕಟ್ಟುಗಳಾದವು. ಪ್ರತಿಯೊಂದರ ತಲೆಯಲ್ಲಿಯೂ ಗುರುತಿಗಾಗಿ ಒಂದೇ ಸಮನೆ ಹನ್ನೊಂದು ‘1’ಗಳನ್ನು ಬರೆದಿರುತ್ತಾರೆ. ಕೆಲವು ಚೌಕಟ್ಟುಗಳು ಕೆಟ್ಟರೆ ಪ್ಲೇಯರು ಒಂದು ಕ್ಷಣ ತೊದಲಿ, ಮುಂದಿನ ಗುರುತನ್ನು ಹುಡುಕಿ ಹಾಡನ್ನು ಮುಂದುವರಿಸಬಲ್ಲದು. ಆದುದರಿಂದ ಒಂದು ‘ಚಿರ್’ ಶಬ್ದ ಬಂದಮಾತ್ರಕ್ಕೆ ಹಾಡೆಲ್ಲ ಹಾಳಾಯಿತೆಂದು ತಿಳಿಯಬಾರದು.

ಕೆಲವು ಫೈಲುಗಳನ್ನು ಪ್ಲೇಯರು ಮುಟ್ಟುವುದೇ ಇಲ್ಲ. ಫ್ಲ್ಯಾಕ್, ಎಎಸಿ, ಡಬ್ಲ್ಯುಎಂಎ ಎಂದು ಹಾಡನ್ನು ಮಡಿಸುವ ಪದ್ಧತಿಗಳು ಹಲವು ಇವೆ. ಎಲ್ಲ ಪ್ಲೇಯರುಗಳೂ ಎಲ್ಲವನ್ನೂ ಕಲಿತಿರುವುದಿಲ್ಲ. ಫೈಲಿನ ಹೆಸರಿನ ಬಾಲವನ್ನು ಕತ್ತರಿಸಿ ‘ಎಂಪಿ3’ ಎಂದು ಅಂಟಿಸಿದರೆ ಪ್ರಯೋಜನವಿಲ್ಲ; ರಟ್ಟು ಬದಲಾಯಿಸಿದರೆ ಪುಸ್ತಕದ ಭಾಷೆ ಬದಲಾಗುವುದೇ? ತಕ್ಕ ತಂತ್ರಾಂಶದಿಂದ ಪರಿವರ್ತಿಸಬೇಕು, ಮೂಲವನ್ನು ಹಾಗೆಯೇ ಉಳಿಸಿಕೊಳ್ಳಬೇಕು. ಏಕೆಂದರೆ ಎಂಪಿ3ಗೆ ಮಾಡುವ ಪ್ರತಿಯೊಂದು ಪರಿವರ್ತನೆಯಲ್ಲಿಯೂ ಧ್ವನಿಯ ಒಂದಿಷ್ಟು ಅಂಶ ಶಾಶ್ವತವಾಗಿ ನಷ್ಟವಾಗುತ್ತದೆ.

ಇನ್ನು ಶ್ರುತಿಯ ವಿಚಾರ. ಹಾಡು ನಿಲ್ಲುವುದಿಲ್ಲ, ತೊದಲುವುದಿಲ್ಲ. ಆದರೆ ಗಾಯಕಿಯ ಕಂಠ ಭಾರವಾಗಿ, ನಡೆ ನಿಧಾನವಾಗಿ ತೋರುತ್ತದೆ. ಚಲಚ್ಚಿತ್ರ ಮತ್ತು ವಿಡಿಯೋಗಳಲ್ಲಿ ಸೆಕೆಂಡಿಗೆ 48,000 ಅಳತೆ ಮಾಡುವುದು ವಾಡಿಕೆ. ಅಂತಹ ಹಾಡನ್ನು ಯಾವುದೋ ತಪ್ಪಿನಿಂದ ಸೆಕೆಂಡಿಗೆ 44,100ರಂತೆ ನುಡಿಸಿದರೆ, ನಾಲ್ಕು ನಿಮಿಷದ ಹಾಡು 4 ನಿಮಿಷ 21 ಸೆಕೆಂಡಿಗೆ ಎಳೆಯುತ್ತದೆ. ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಇಳಿಯುತ್ತದೆ. ಶ್ರುತಿಪೆಟ್ಟಿಗೆಯನ್ನು ಪಕ್ಕದಲ್ಲಿಟ್ಟುಕೊಂಡು ಸಂಗೀತ ಕಲಿಯುವವರಿಗೆ ಇದು ಬೇಗ ಗೊತ್ತಾಗುತ್ತದೆ. ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಹಾಡಿನಲ್ಲಿ ಮೂಲ ಟೇಪು ಓಡಿದ ವೇಗ ತಪ್ಪಿದ್ದರೂ ಶ್ರುತಿ ಕೆಡಬಹುದು. ಆದರೆ ಆಗ ಎಲ್ಲ ಪ್ಲೇಯರುಗಳಲ್ಲಿಯೂ ಒಂದೇ ರೀತಿಯಾಗಿ ಕೆಟ್ಟಿರುತ್ತದೆ.

ಕನ್ನಡ ಹೆಸರುಗಳ ಪಾಡು

ಹಾಡು ಸರಿಯಾಗಿದ್ದರೂ ಅದರ ಹೆಸರು ತೆರೆಯ ಮೇಲೆ ವಿಕಾರವಾಗಿ ಕಾಣುವುದುಂಟು. ಅಕ್ಷರಗಳ ಬದಲಿಗೆ ಖಾಲಿ ಚೌಕಗಳು ಕಂಡರೆ ಪ್ಲೇಯರಿನಲ್ಲಿ ಕನ್ನಡದ ಅಚ್ಚುಮೊಳೆಗಳಿಲ್ಲವೆಂದು ಅರ್ಥ. ಹೆಸರು ಸರಿಯಾಗಿಯೇ ಇದೆ. ನೆತ್ತಿಯ ಮೇಲೆ ಗೀಟುಳ್ಳ ರೋಮನ್ ‘ಎ’ ಅಕ್ಷರ ಮತ್ತೆ ಮತ್ತೆ ಬರುವ ಗೋಜಲು ಕಂಡರೆ ಪ್ಲೇಯರು ಯೂನಿಕೋಡನ್ನು ಬೇರೆ ಪದ್ಧತಿಯೆಂದು ತಪ್ಪಾಗಿ ಓದುತ್ತಿದೆ. ಹೆಸರು ನಡುವೆ ಕತ್ತರಿಸಿಹೋದರೆ ಅದಕ್ಕೆ ಇನ್ನೊಂದು ಕಾರಣ. ಎಂಪಿ3 ಫೈಲಿನ ಕೊನೆಗೆ 128 ಬೈಟ್‌ಗಳ ಹೆಸರುಚೀಟಿಯೊಂದನ್ನು ಅಂಟಿಸುವ ಹಳೆಯ ಪದ್ಧತಿಯಿದೆ. ಅದರಲ್ಲಿ ಹಾಡಿನ ಹೆಸರಿಗೆ 30 ಬೈಟ್ ಮಾತ್ರ. ರೋಮನ್ ಲಿಪಿಯಲ್ಲಿ 30 ಅಕ್ಷರ ಹಿಡಿಯುವ ಈ ಜಾಗದಲ್ಲಿ, ಯುಟಿಎಫ್-8 ಪದ್ಧತಿಯಂತೆ ಬರೆದ ಕನ್ನಡದ ಹತ್ತು ಚಿಹ್ನೆಗಳು ಮಾತ್ರ ಹಿಡಿಯುತ್ತವೆ. ಒಂದೊಂದಕ್ಕೆ ಮೂರು ಬೈಟ್ ಬೇಕು, ಕೊಂಬು ಸೊನ್ನೆಗಳೂ ಲೆಕ್ಕಕ್ಕೆ ಸೇರುತ್ತವೆ. ‘ಪುರಂದರದಾಸರು’ ಎಂಬ ಒಂದು ಪದಕ್ಕೇ 33 ಬೈಟ್ ಆಗುತ್ತದೆ! ಹೊಸ ಪದ್ಧತಿಯ ಚೀಟಿಯನ್ನು ಫೈಲಿನ ಆರಂಭದಲ್ಲಿ ಇಡುತ್ತಾರೆ. ಅದರಲ್ಲಿ ಈ ಇಕ್ಕಟ್ಟಿಲ್ಲ.

ಹಾಡುಗಳ ಸರದಿ ತಪ್ಪುವುದೂ ಇಂತಹದೇ ಅಲ್ಪ ದೋಷ. ಅಗ್ಗದ ಪ್ಲೇಯರುಗಳಲ್ಲಿ ಹಲವು ಹಾಡುಗಳನ್ನು ಕಾರ್ಡಿಗೆ ಬರೆದ ಕ್ರಮದಲ್ಲಿಯೇ ನುಡಿಸುತ್ತವೆ. ಕೆಲವು ಹೆಸರಿನ ಅಕಾರಾದಿಯನ್ನು ಅನುಸರಿಸಿ 1, 10, 11, 2 ಎಂದು ಎಣಿಸುತ್ತವೆ. 01, 02 ಎಂದು ಎರಡಂಕಿಯ ಸಂಖ್ಯೆ ಕೊಟ್ಟು, ಅದೇ ಕ್ರಮದಲ್ಲಿ ಒಂದೊಂದಾಗಿ ನಕಲು ಮಾಡಿದರೆ ಎರಡು ಬಗೆಯವೂ ಸರಿದಾರಿಗೆ ಬರುತ್ತವೆ.

ಬ್ಯಾಟರಿ ಮತ್ತು ನಿಸ್ತಂತು

ಬ್ಯಾಟರಿ ಅರ್ಧ ತುಂಬಿದೆಯೆಂದು ತೋರಿಸುತ್ತಿರುವಾಗಲೇ, ಧ್ವನಿಯನ್ನು ಏರಿಸಿದೊಡನೆ ಪ್ಲೇಯರು ಆರಿಹೋಗುತ್ತದೆಯೇ? ಲಿಥಿಯಂ ಬ್ಯಾಟರಿಗೆ ವಯಸ್ಸಾದಂತೆ ಅದರ ಒಳಗಿನ ರೋಧ ಹೆಚ್ಚುತ್ತದೆ. ಹೆಚ್ಚು ವಿದ್ಯುತ್ತನ್ನು ಎಳೆದಾಗ ಅದರ ಒತ್ತಡ ಕುಸಿದು ರಕ್ಷಣೆಯ ಏರ್ಪಾಡು ಎಲ್ಲವನ್ನೂ ನಿಲ್ಲಿಸುತ್ತದೆ. ಚಾರ್ಜರಿಗೆ ಸೇರಿಸಿ ಕೇಳಿದಾಗ ತೊಂದರೆ ಹೋದರೆ ಬ್ಯಾಟರಿಯೇ ಅಪರಾಧಿ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಈ ಪರೀಕ್ಷೆಯನ್ನೂ ಮಾಡಬಾರದು. ಚಾರ್ಜು ಮಾಡದೆ, ಚುಚ್ಚದೆ, ದುರಸ್ತಿಯವರಿಗೆ ಒಪ್ಪಿಸಬೇಕು.

ಬ್ಲೂಟೂತ್ ಹೆಡ್‌ಫೋನಿನಲ್ಲಿ ಹಾಡು ಕಡಿದು ಕಡಿದು ಬರುವುದಕ್ಕೆ ನಮ್ಮ ದೇಹವೇ ಕಾರಣವಾಗಬಹುದು. ಅದು ಬಳಸುವ 2.4 ಗಿಗಾಹರ್ಟ್ಸ್ ಅಲೆಗಳನ್ನು ದೇಹದಲ್ಲಿರುವ ನೀರು ಹೀರಿಕೊಳ್ಳುತ್ತದೆ. ಪ್ಲೇಯರು ಹಿಂದಿನ ಜೇಬಿನಲ್ಲಿದ್ದಾಗ ಕಡಿಯುವ ಹಾಡು ಕೈಯಲ್ಲಿ ಹಿಡಿದಾಗ ಸರಿಯಾದರೆ ಯಂತ್ರದಲ್ಲಿ ಏನೂ ಕೆಟ್ಟಿಲ್ಲ. ವೈಫೈ ಪೆಟ್ಟಿಗೆಗಳೂ ಇದೇ ಅಲೆಗಳ ಬೀದಿಯಲ್ಲಿ ಓಡಾಡುವುದರಿಂದ ಅವುಗಳ ಹತ್ತಿರ ತೊಂದರೆ ಹೆಚ್ಚಬಹುದು.

ಅಳಿಸುವ ಮುನ್ನ

ಕಡೆಯದಾಗಿ ಎಲ್ಲಕ್ಕಿಂತ ಮುಖ್ಯವಾದ ಮಾತು. ಒಮ್ಮೊಮ್ಮೆ ಪ್ಲೇಯರೋ ಕಂಪ್ಯೂಟರೋ ‘ಈ ಕಾರ್ಡನ್ನು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?’ ಎಂದು ಕೇಳುತ್ತದೆ. ಯಂತ್ರವೇ ಕೇಳುತ್ತಿರುವಾಗ ಅದೇ ಪರಿಹಾರವೆಂದು ನಾವು ನಂಬಿಬಿಡುತ್ತೇವೆ. ಆದರೆ ಯಂತ್ರದ ಮಾತಿನ ಅರ್ಥ ಇಷ್ಟೇ: ಕಾರ್ಡಿನ ವಿಷಯಸೂಚಿಯನ್ನು ತನಗೆ ಓದಲಾಗುತ್ತಿಲ್ಲ. ಸೂಚಿಯ ಹಾಳೆ ಹರಿದರೂ ಪುಸ್ತಕದ ಪುಟಗಳು ಇರುವಂತೆ ಹಾಡುಗಳು ಒಳಗೆ ಇನ್ನೂ ಇರಬಹುದು. ಅವಸರದ ಫಾರ್ಮ್ಯಾಟ್ ಸಾಮಾನ್ಯವಾಗಿ ಸೂಚಿಯನ್ನು ಹೊಸದಾಗಿ ಬರೆಯುತ್ತದೆ. ಆಮೇಲೆ ನಾವು ತುಂಬುವ ಹೊಸ ಹಾಡುಗಳು ಹಳೆಯವುಗಳ ಮೇಲೆಯೇ ಕುಳಿತು ಅವನ್ನು ಅಳಿಸುತ್ತವೆ.

ಆದುದರಿಂದ ‘ಬೇಡ’ ಎಂದು ಉತ್ತರಿಸಬೇಕು. ಆ ಕಾರ್ಡಿಗೆ ಮತ್ತೇನನ್ನೂ ಬರೆಯಬಾರದು. ಮತ್ತೊಂದು ಕಂಪ್ಯೂಟರಿನಲ್ಲಿ, ಮತ್ತೊಂದು ಕಾರ್ಡ್ ರೀಡರಿನಲ್ಲಿ ಇಟ್ಟು ನೋಡಬೇಕು; ಎಷ್ಟೋ ಸಲ ರೀಡರಿನ ಸಂಪರ್ಕದಲ್ಲಿಯೇ ದೋಷವಿರುತ್ತದೆ. ಓದಲು ಬಂದದ್ದನ್ನೆಲ್ಲ ಮೊದಲು ಬೇರೆಡೆಗೆ ನಕಲು ಮಾಡಿಕೊಳ್ಳಬೇಕು. ಏನೂ ಬಾರದಿದ್ದರೆ, ಕಳೆದುಹೋದ ಫೈಲುಗಳನ್ನು ಹುಡುಕಿ ತೆಗೆಯುವ ತಂತ್ರಾಂಶಗಳೂ ಅದನ್ನು ಬಲ್ಲವರೂ ಇದ್ದಾರೆ. ಸುಳ್ಳು ಅಳತೆಯ ಕಾರ್ಡುಗಳ ಬಗೆಗೂ ಜಾಗರೂಕರಾಗಿರಬೇಕು. ಹೊರಗೆ ದೊಡ್ಡ ಸಂಖ್ಯೆ ಅಚ್ಚಾಗಿದ್ದು ಒಳಗೆ ಅದರ ಒಂದಂಶ ಸ್ಥಳವೂ ಇಲ್ಲದ ಕಾರ್ಡಿನಲ್ಲಿ ಮೊದಲ ಹಾಡುಗಳು ಚೆನ್ನಾಗಿದ್ದು, ಆಮೇಲಿನವು ಹೆಸರು ಮಾತ್ರ ಕಾಣಿಸಿ ಮೌನವಾಗಿರುತ್ತವೆ. ಹೊಸ ಕಾರ್ಡನ್ನು ಒಮ್ಮೆ ಪೂರ್ತಿ ತುಂಬಿ, ಎಲ್ಲವನ್ನೂ ಹಿಂದಕ್ಕೆ ಓದಿ, ಮೂಲದೊಡನೆ ಹೋಲಿಸಿದರೆ ಅದರ ಬಂಡವಾಳ ಬಯಲಾಗುತ್ತದೆ.

ಒಳ್ಳೆಯ ಕಾರ್ಡೂ ಚಿರಂಜೀವಿಯಲ್ಲ. ಅದರೊಳಗೆ ಅಂಕಗಳು ಸೂಕ್ಷ್ಮವಾದ ಕೋಣೆಗಳಲ್ಲಿ ಕೂಡಿಹಾಕಿದ ವಿದ್ಯುದಂಶವಾಗಿ ಇರುತ್ತವೆ. ಬರೆದು ಅಳಿಸಿದಂತೆಲ್ಲ ಕೋಣೆಯ ಗೋಡೆ ಸವೆಯುತ್ತದೆ. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಬಿದ್ದಿದ್ದರೆ ಅಂಶ ಮೆಲ್ಲಗೆ ಸೋರುತ್ತದೆ. ಪೇಟೆಯಲ್ಲಿ ಸಿಗುವ ಹಾಡಿಗೆ ಒಂದೇ ಪ್ರತಿ ಸಾಕು. ಮನೆಯವರು ಹಾಡಿದ್ದಕ್ಕೆ, ಊರಿನ ಭಜನೆಗೆ, ಹಿರಿಯರ ಮಾತಿಗೆ ಎರಡು ಪ್ರತಿಗಳಾದರೂ ಬೇರೆಬೇರೆ ಸ್ಥಳಗಳಲ್ಲಿ ಇರಬೇಕು. ಮೇಲೆ ಹೇಳಿದ ಪರೀಕ್ಷೆಗಳನ್ನೆಲ್ಲ ನಮ್ಮ ತರುಣ ವಾಚಕರು ಧಾರಾಳವಾಗಿ ಮಾಡಿ ನೋಡಲಿ. ಪಿನ್ನನ್ನು ಅರ್ಧ ಹೊರಗೆಳೆದು ಗಾಯಕಿ ಕಾಣೆಯಾಗುವುದನ್ನೂ ಕೇಳಲಿ. ಆದರೆ ಇಂದು ಸಂಜೆ, ಪ್ಲೇಯರು ಇನ್ನೂ ಚೆನ್ನಾಗಿ ಹಾಡುತ್ತಿರುವಾಗಲೇ, ಆ ಎರಡನೆಯ ಪ್ರತಿಯನ್ನು ಮೊದಲು ಮಾಡಿಕೊಳ್ಳಲಿ.